ಮಗಳ ತೋಳಿನ ಪಟ್ಟಿ

ನನಗೆ ಕಣ್ಣು ಕತ್ತಲೆ ಬಂದದ್ದು ಪ್ರೆಶರಿನಿಂದ ಅಲ್ಲ, ಮಾತ್ರೆಯಿಂದ. ಮಾತ್ರೆ ಹೆಚ್ಚಾದದ್ದು ನನ್ನ ಮೈ ಕೆಟ್ಟದ್ದರಿಂದ ಅಲ್ಲ, ಮನೆಯವರು ಪ್ರೆಶರು ನೋಡಿದ ಕ್ರಮ ಕೆಟ್ಟದ್ದರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗಲೂ ನಮ್ಮ ಸಂಬಂಧದ ಕೆಲವರು, ಅವಳಿಗೆ ಪ್ರೆಶರು ಏರಿ ಮೊಮ್ಮಗುವನ್ನು ಬೀಳಿಸುವುದರಲ್ಲಿದ್ದಳಂತೆ ಎಂದು ಹೇಳಿಕೊಂಡು ತಿರುಗುತ್ತಾರೆ. ಮಗು ಬೀಳಲಿಲ್ಲ. ನನ್ನ ಕೈಯಿಂದ ಈವರೆಗೆ ಯಾರ ಮಗುವೂ ಬಿದ್ದಿಲ್ಲ.

ಪ್ರೆಶರು ನನಗೆ ಇಲ್ಲವೇ ಇಲ್ಲ ಅಂತ ನಾನು ವಾದ ಮಾಡುವವಳಲ್ಲ. ಉಂಟು. ಬಂಟ್ವಾಳದ ಡಾಕ್ಟ್ರು ಬೆಳಿಗ್ಗೆಗೆ ಒಂದು ಸಣ್ಣ ಮಾತ್ರೆ ಕೊಟ್ಟಿದ್ದರು. ಅದನ್ನು ನುಂಗಿಕೊಂಡು, ಬೀಡಿ ಕಟ್ಟಿಕೊಂಡು, ನರಿಕೊಂಬಿನ ನಮ್ಮ ಮನೆಯಲ್ಲಿ ನಾನು ನನ್ನ ಪಾಡಿಗೆ ಇದ್ದೆ. ಗಂಡ ಇಲ್ಲ. ಮಗ ರಿಕ್ಷಾ ಓಡಿಸುತ್ತಾನೆ, ಅವನಿಗೆ ಇನ್ನೂ ಮದುವೆ ಆಗಲಿಲ್ಲ. ಅವನಿಗಿಂತ ದೊಡ್ಡವಳು ಮಗಳು. ಅವಳನ್ನು ಕೊಟ್ಟದ್ದು ನಾರಾವಿಯ ಕಡೆಗೆ. ಅವಳು ಚೊಚ್ಚಲ ಹೆರಿಗೆಗೆ ಏಳು ತಿಂಗಳಿಗೆ ತವರಿಗೆ ಬಂದಳು. ಬರುವಾಗ ಬ್ಯಾಗಿನಲ್ಲಿ ಬಟ್ಟೆಯ ನಡುವೆ ಸುತ್ತಿಕೊಂಡು ಒಂದು ಪ್ರೆಶರಿನ ಮಿಶನು ತಂದಳು.

ತಂದದ್ದು ನನಗಲ್ಲ. ಬಸುರಿಯಾಗಿದ್ದಾಗ ಅವಳದ್ದೇ ಪ್ರೆಶರು ಒಮ್ಮೆ ಮೇಲೆ ಹೋಗಿತ್ತು. ಮೂಡುಬಿದಿರೆಯಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟ್ರಮ್ಮ, ಮನೆಯಲ್ಲಿಯೂ ನೋಡಿಕೊಳ್ಳುತ್ತಿರಿ ಎಂದಿದ್ದರಂತೆ. ಅಳಿಯ ಮಿಶನು ತೆಗೆಸಿಕೊಟ್ಟ. ನನ್ನ ಮಗಳ ಕೈ ನೋಡಿದರೆ ನುಗ್ಗೆಕೋಡಿನ ಹಾಗೆ, ಬಸುರಿಯಾದರೂ ಹೊಟ್ಟೆ ಬಿಟ್ಟರೆ ಬೇರೆ ಎಲ್ಲಿಯೂ ಮಾಂಸ ಹಿಡಿದಿರಲಿಲ್ಲ. ಮಿಶನಿನ ಪಟ್ಟಿ ಅವಳ ತೋಳಿಗೆ ಸರಿಯಾಗಿ ಸುತ್ತಿ ಕೂರುತ್ತಿತ್ತು. ಅವಳದ್ದು ನೋಡಿಕೊಂಡಳು, ಸರಿ ಇತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು.

"ಅಮ್ಮ, ನಿನ್ನದೂ ಒಮ್ಮೆ ನೋಡುವ," ಎಂದಳು.

ನಾನು ದಪ್ಪ ಹೆಂಗಸು. ಅದರಲ್ಲಿ ನಾಚಿಕೆ ಪಡುವುದು ಎಂತದೂ ಇಲ್ಲ. ಬಾವಿಯಿಂದ ನೀರು ಸೇದಿ, ಕಲ್ಲಿನಲ್ಲಿ ಅರೆದು, ಸೊಪ್ಪಿನ ಹೊರೆ ಹೊತ್ತು ಆದ ತೋಳು ಇದು. ಆ ಪಟ್ಟಿಯನ್ನು ನನಗೆ ಸುತ್ತಿದರೆ ಕೊನೆಗೆ ಅಂಟಿಕೊಳ್ಳಲಿಕ್ಕೆ ಎರಡು ಬೆರಳಿನಷ್ಟು ಜಾಗ ಮಾತ್ರ ಸಿಗುತ್ತಿತ್ತು. ಮಿಶನು ಗಾಳಿ ತುಂಬಿಸಲು ಶುರು ಮಾಡಿದ ಕೂಡಲೇ ಚರ್ರಂತ ಬಿಚ್ಚಿಹೋಗುತ್ತಿತ್ತು. ಆಗ ಮಗನನ್ನು ಕರೆಯುವುದು. ಅವನು ಬಂದು ಎರಡೂ ಕೈಯಲ್ಲಿ ನನ್ನ ತೋಳನ್ನು ಪಟ್ಟಿ ಸಮೇತ ಗಟ್ಟಿ ಒತ್ತಿ ಹಿಡಿಯುವುದು, ರಿಕ್ಷಾದ ಟಯರಿಗೆ ಪ್ಯಾಚು ಹಾಕುವವನ ಹಾಗೆ.

"ಬಿಡು ಮಾರಾಯ, ಕೈ ನೋಯ್ತದೆ," ಎಂದರೆ,

"ಅಲ್ಲಾಡಬೇಡ ಅಮ್ಮ, ಮತ್ತೆ ಮೊದಲಿಂದ ಶುರು ಆಗ್ತದೆ," ಎನ್ನುವನು.

ನೋಡುವ ಹೊತ್ತಾದರೂ ಯಾವುದು? ಅದನ್ನು ಕೇಳಬೇಕು. ಬೆಳಿಗ್ಗೆ ಕೆಲಸ ಮುಗಿಸಿ ನಾನು ತಡ್ಪೆ, ಅಂದರೆ ಎಲೆ ಹೊಗೆಸೊಪ್ಪು ಇಡುವ ಮೊರ, ಮಡಿಲಲ್ಲಿಟ್ಟು ಬೀಡಿಗೆ ಕೂತರೆ ಮಗಳು ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಬಸುರಿಗೆ ಹೊಗೆಸೊಪ್ಪಿನ ವಾಸನೆ ಆಗುತ್ತಿರಲಿಲ್ಲ, ವಾಂತಿ ಬರುತ್ತಿತ್ತು. ಅದು ನ್ಯಾಯವೇ. ಆದ ಕಾರಣ ಅವಳು ಕಾದು ಕೂತು ನನ್ನನ್ನು ಹಿಡಿಯುತ್ತಿದ್ದದ್ದು ಬ್ರಾಂಚಿನಿಂದ ಬಂದ ಕೂಡಲೇ. ಬ್ರಾಂಚು ಅಂದರೆ ನಾವು ಕಟ್ಟಿದ ಬೀಡಿ ಕೊಟ್ಟು ಹೊಸ ಎಲೆ, ಹೊಗೆಸೊಪ್ಪು ತರುವ ಅಂಗಡಿ. ಅದು ಇರುವುದು ಕೆಳಗೆ ರಸ್ತೆಬದಿಯಲ್ಲಿ. ಹೋಗುವಾಗ ಇಳಿಜಾರು, ಬರುವಾಗ ಏರು, ಕೈಯಲ್ಲಿ ಎಲೆಯ ಕಟ್ಟು. ಅಲ್ಲಿಯ ಚೆಕ್ಕರ್ ನಮ್ಮ ಬೀಡಿಯನ್ನು ಹಿಚುಕಿ ನೋಡಿ ಇದು ಸಡಿಲ, ಇದು ಕುಳ್ಳ ಅಂತ ಬದಿಗೆ ಎಸೆಯುವುದು, ನಾನು ಬಾಯಿ ಮಾಡುವುದು. ಬಾಯಿ ಮಾಡದಿದ್ದರೆ ಅವನು ಅರ್ಧಕ್ಕರ್ಧ ಎಸೆಯುತ್ತಾನೆ. ಹೀಗೆ ಜಗಳ ಮುಗಿಸಿ, ಏರು ಹತ್ತಿ, ಬೆವರಿನಲ್ಲಿ ಮಿಂದು ಬಂದು ಜಗಲಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತ ಕ್ಷಣಕ್ಕೆ ಮಗಳು ಮಿಶನು ಹಿಡಿದುಕೊಂಡು ಬರುವಳು. ಕೈ ನೆಲದ ಕಡೆಗೆ ನೇತಾಡುತ್ತಿರುತ್ತದೆ. ಅದಕ್ಕೇ ಸುತ್ತುವಳು. ಸುತ್ತಿದ ಮೇಲೆ ಸುಮ್ಮನಿರುತ್ತಾಳಾ?

"ಇವತ್ತು ಎಷ್ಟು ಎಸೆದ ಅಮ್ಮ ಅವನು?"

"ಎಸೆದನಾ? ಒಂದು ಮುಷ್ಟಿ ಎಸೆದ. ತೂತು ತೂತಿನ ಎಲೆ ಕೊಟ್ಟವ ಅವನೇ. ತೂತಿನ ಎಲೆಯಲ್ಲಿ ನಾನು ಎಂತ ಬಂಗಾರದ ಬೀಡಿ ಕಟ್ಟಲಿಕ್ಕಾ?"

ಟೀಂ ಟೀಂ ಅಂತ ಮಿಶನು.

"ನೋಡು. ನೂರ ಎಪ್ಪತ್ತೆಂಟು."

"ಅದನ್ನು ಆ ಚೆಕ್ಕರಿಗೆ ಕಟ್ಟು, ಅವನದ್ದು ಎಷ್ಟು ಅಂತ ನೋಡುವ."

"ತಮಾಷೆ ಅಲ್ಲ ಅಮ್ಮ. ಇನ್ನೊಮ್ಮೆ ನೋಡ್ತೇನೆ."

ಇನ್ನೊಮ್ಮೆ ನೋಡಿದರೆ ಇನ್ನೂ ಜಾಸ್ತಿ. ಮೊದಲನೆಯದರ ಸಿಟ್ಟು ಎರಡನೆಯದಕ್ಕೆ ಸೇರುತ್ತದಲ್ಲ. ಮಗಳು ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಗಂಡನಿಗೆ, ವಿಟ್ಲದಲ್ಲಿರುವ ನನ್ನ ತಂಗಿಗೆ, ಮತ್ತೆ ಯಾರ್ಯಾರಿಗೋ ಕಳಿಸುವಳು. ನನ್ನ ಮೈಯೊಳಗಿನ ಸಂಗತಿ ವಿಟ್ಲಕ್ಕೆ ಬಸ್ಸಿಗಿಂತ ಮೊದಲು ಮುಟ್ಟುತ್ತಿತ್ತು. ತಂಗಿ ಫೋನು ಮಾಡಿ, "ಅಕ್ಕ, ಉಪ್ಪು ಬಿಡು, ಒಣಮೀನು ಬಿಡು," ಎನ್ನುವಳು. ನನ್ನ ಅಡಿಗೆಮನೆಯಲ್ಲಿ ನನಗೇ ಉಪ್ಪಿನಕಾಯಿಯ ಭರಣಿ ಎಟುಕದ ಹಾಗೆ ಮಗ ಅಟ್ಟದ ಮೇಲಿಟ್ಟ. ಉಪ್ಪು ಕಡಿಮೆ ಮಾಡಬೇಕಾದ್ದು ಸರಿ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕಳ್ಳಿಯಿಂದ ಮುಚ್ಚಿಡುವ ಹಾಗೆ ಮುಚ್ಚಿಡುವುದಾ?

ಆಮೇಲೆ ನನ್ನನ್ನು ಬಂಟ್ವಾಳದ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದರು. ಆ ಕ್ಲಿನಿಕ್ಕು ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತಿ ಹೋದವಳನ್ನು ಹಾಗೆಯೇ ಒಳಗೆ ಕರೆದು ನೋಡಿದರು, ಸ್ವಲ್ಪ ಹೆಚ್ಚು ಬಂತು. ಕೂಡಲೇ ಮಗಳು ಮೊಬೈಲು ಮುಂದೆ ಹಿಡಿದಳು. ಡಾಕ್ಟ್ರು ಒಂದೊಂದೇ ಫೋಟೋ ಸರಿಸಿ ನೋಡಿದರು.

"ಮನೆಯಲ್ಲಿಯೂ ಹೀಗೇ ಬರ್ತಾ ಉಂಟಲ್ಲ," ಎಂದರು. ಹೇಗೆ ನೋಡಿದ್ದು, ಯಾವಾಗ ನೋಡಿದ್ದು ಅಂತ ಒಂದು ಮಾತು ಕೇಳಲಿಲ್ಲ. ಹೊರಗೆ ಜನ ತುಂಬಿದ್ದರು, ಪುರುಸೊತ್ತು ಇರಲಿಲ್ಲ ಅಂತ ಇಟ್ಟುಕೊಳ್ಳುವ.

"ಡಾಕ್ಟ್ರೇ, ನನಗೆ ಏನೂ ಆಗುವುದಿಲ್ಲ. ತಲೆನೋವಿಲ್ಲ, ಎಂತ ಇಲ್ಲ," ಎಂದೆ ನಾನು.

"ಅದೇ ಅಪಾಯ ಅಮ್ಮ. ಪ್ರೆಶರು ಇರುವುದು ಗೊತ್ತೇ ಆಗುವುದಿಲ್ಲ."

ಬೆಳಗ್ಗಿನ ಮಾತ್ರೆ ದೊಡ್ಡದಾಯಿತು, ರಾತ್ರಿಗೆ ಹೊಸತು ಒಂದು ಸೇರಿತು. ಗೊತ್ತೇ ಆಗುವುದಿಲ್ಲ ಎಂಬ ಮಾತು ಸುಳ್ಳಲ್ಲ, ಅದನ್ನು ಆಮೇಲೆ ಮೂಡುಬಿದಿರೆಯ ಡಾಕ್ಟ್ರಮ್ಮನೂ ಹೇಳಿದರು. ನನ್ನ ಸಿಟ್ಟು ಅದಕ್ಕಲ್ಲ. ಹೊಸ ಮಾತ್ರೆ ಶುರು ಮಾಡಿ ಸ್ವಲ್ಪ ದಿನದಲ್ಲಿ, ನೆಲದಿಂದ ಎದ್ದರೆ ತಲೆ ಹಗುರ ಆಗ್ತದೆ, ಗೋಡೆ ಓಡಿದ ಹಾಗೆ ಆಗ್ತದೆ ಅಂತ ನಾನು ಮನೆಯಲ್ಲಿ ಹೇಳಿದೆ. ಆಗ ಏನೆಂದರು? "ನೋಡಿದಿಯಾ, ಪ್ರೆಶರು ಜಾಸ್ತಿ ಆದದ್ದು." ಏನೂ ಆಗುವುದಿಲ್ಲ ಅಂದರೂ ಪ್ರೆಶರು, ಏನಾದರೂ ಆಗ್ತದೆ ಅಂದರೂ ಪ್ರೆಶರು. ನಾನು ಬಾಯಿಬಿಟ್ಟು ಹೇಳಿದ ಮಾತಿಗೆ ಯಾವ ಬೆಲೆಯೂ ಇಲ್ಲ. ಟೀಂ ಟೀಂ ಎನ್ನುವ ಡಬ್ಬಿ ಹೇಳಿದ್ದೇ ಸತ್ಯ.

ಮಗು ಹುಟ್ಟಿತು. ಗಂಡು. ಮೂಡುಬಿದಿರೆಯಲ್ಲಿಯೇ ಹೆರಿಗೆ ಆಗಿ ಮನೆಗೆ ಬಂದರು. ಮಗುವನ್ನು ಮೀಯಿಸುವುದು ನಾನು, ಅದರಲ್ಲಿ ಕೇಳಲಿಕ್ಕೇ ಇರಲಿಲ್ಲ. ನಮ್ಮ ಸುತ್ತಿನ ಮನೆಗಳಲ್ಲಿ ಹೆಚ್ಚಿನ ಮಕ್ಕಳು ಮೊದಲ ನೀರು ಹೊಯ್ಯಿಸಿಕೊಂಡದ್ದು ನನ್ನ ಕಾಲಿನ ಮೇಲೆ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ನೀಡಿ, ಮಗುವನ್ನು ಮೊಣಕಾಲಿನ ಕೆಳಗೆ ಕವುಚಿ ಮಲಗಿಸಿ, ಎಣ್ಣೆ ಉಜ್ಜಿ ಹದ ಬಿಸಿಯ ನೀರು ಹೊಯ್ಯಬೇಕು. ನೀರಿನ ಹದ ನನಗೆ ಮೊಣಕೈ ಅದ್ದಿದರೆ ಗೊತ್ತಾಗುತ್ತದೆ. ನನ್ನ ಮೊಮ್ಮಗ ಮೊದಲ ದಿನ ಸ್ವಲ್ಪ ಕಿರುಚಿದ, ಎರಡನೆಯ ದಿನದಿಂದ ಬೆನ್ನಿಗೆ ನೀರು ಬಿದ್ದರೆ ಬಾಯಿ ಮುಚ್ಚಿ ಮಲಗುವುದು.

ಹಾಗೆ ಕೆಲವು ದಿನ ಮೀಯಿಸಿದೆ. ಒಂದು ಬೆಳಿಗ್ಗೆ ಮೀಯಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡು ಮಣೆಯಿಂದ ಎದ್ದದ್ದಷ್ಟೆ. ಕಣ್ಣ ಮುಂದೆ ಎಲ್ಲ ಕಪ್ಪಾಯಿತು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ನಿಂತಲ್ಲಿಯೇ ಕುಸಿದು ಕೂತೆ. ಬೆನ್ನು ಹಂಡೆಯ ಕಟ್ಟೆಗೆ ಉಜ್ಜಿ ಸಿಪ್ಪೆ ಎದ್ದಿತು. ಮಗುವಿಗೆ ಒಂದು ಗೀರು ಆಗಲಿಲ್ಲ, ಅದು ಕಣ್ಣು ಸಹ ತೆರೆಯಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಮಗಳು ನೋಡಿದಳು. ಹಸಿ ಬಾಣಂತಿ ಓಡಿ ಬಂದು ನನ್ನ ಮಡಿಲಿನಿಂದ ಮಗುವನ್ನು ಕಸಿದುಕೊಂಡಳು. ಕಸಿದುಕೊಂಡದ್ದೇ. ಅದಕ್ಕೆ ಬೇರೆ ಮಾತು ನನಗೆ ಗೊತ್ತಿಲ್ಲ.

ಮರುದಿನದಿಂದ ಆಚೆ ಬದಿಯ ಒಂದು ಹೆಂಗಸನ್ನು ಮೀಯಿಸಲಿಕ್ಕೆ ಗೊತ್ತು ಮಾಡಿದರು.

"ಅಮ್ಮ, ನೀನು ಸಿಟ್ಟು ಮಾಡಬೇಡ," ಎಂದಳು ಮಗಳು. "ಪ್ರೆಶರು ಇಳಿಯುವವರೆಗೆ ಬೇಡ."

"ಇಳಿಯುವುದು ಅಂದರೆ ಯಾವಾಗ?"

"ಮಿಶನಲ್ಲಿ ಸರಿ ಬರಲಿ."

"ಓಹೋ. ಮಗುವಿನ ಅಜ್ಜಿ ಯಾರು ಅಂತ ಸಹ ಮಿಶನು ಹೇಳ್ತದಾ?"

"ನೀನೇ ಹೇಳು, ಬಿದ್ದಿದ್ದರೆ?"

ಬಿದ್ದಿದ್ದರೆ ಅಂತ ನನಗೂ ಹೆದರಿಕೆ ಇತ್ತು. ತಲೆ ತಿರುಗುವವಳ ಕೈಗೆ ಹಸುಗೂಸು ಕೊಡಬಾರದು, ನಾನಾದರೂ ಕೊಡುತ್ತಿರಲಿಲ್ಲ. ನಾನು ಕೇಳಿದ್ದು ಒಂದೇ, ತಲೆ ತಿರುಗುವುದು ಯಾಕೆ ಅಂತ ನೋಡಿ ಅಂತ. ಹೊಸ ಮಾತ್ರೆಯ ನಂತರ ಶುರುವಾದದ್ದು ಅಂತ. ಅದನ್ನು ಕೇಳುವವರಿಲ್ಲ. ಬಚ್ಚಲಿನೊಳಗೆ ಆ ಹೆಂಗಸು ಮಗುವಿನ ಕಣ್ಣಿಗೆ ಸಾಬೂನು ಹಾಕಿ ಅಳಿಸುವುದು, ಹೊರಗೆ ನಾನು ನನ್ನದೇ ಮನೆಯ ಗೋಡೆಗೆ ಒರಗಿ ನಿಂತು ಕೇಳುವುದು. ಬಾಯಿಬಿಟ್ಟರೆ, "ಅಮ್ಮ, ನಿನಗೆ ಪ್ರೆಶರು ಏರ್ತದೆ, ಆಚೆ ಹೋಗು."

ಮಗುವಿಗೆ ಒಂದೂವರೆ ತಿಂಗಳು ಆದಾಗ ಚುಚ್ಚುಮದ್ದಿಗೆ ಮೂಡುಬಿದಿರೆಗೆ ಹೊರಟೆವು. ಮಗಳನ್ನು ಸಹ ನೋಡಲಿಕ್ಕಿತ್ತು. ಅವಳ ಡಾಕ್ಟ್ರಮ್ಮ ಫೋನಿನಲ್ಲಿ, ಬರುವಾಗ ನಿಮ್ಮ ಮಿಶನನ್ನೂ ತನ್ನಿ, ನಮ್ಮದರ ಜೊತೆ ಹೋಲಿಸಿ ನೋಡುವ ಎಂದಿದ್ದರು. ಬಾಡಿಗೆ ಕಾರು ಮಾಡಿದ್ದು. ಮಗುವಿನ ಬಟ್ಟೆಯ ಚೀಲ ಹಿಡಿಯಲಿಕ್ಕೆ ಜನ ಬೇಕಲ್ಲ, ಅದಕ್ಕೆ ನಾನು. ಚೀಲ ಕೆಳಗೆ ಬಿದ್ದರೆ ತೊಂದರೆ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಮಗಳನ್ನು ಕೂರಿಸಿ ಮೊದಲು ತಮ್ಮದರಲ್ಲಿ ನೋಡಿದರು, ಸ್ವಲ್ಪ ತಡೆದು ನಮ್ಮದರಲ್ಲಿ ನೋಡಿದರು. ಹೆಚ್ಚು ಕಡಿಮೆ ಒಂದೇ ಬಂತು. "ಮಿಶನು ಸರಿ ಉಂಟು," ಎಂದರು. ಮಗಳು ಹೆಮ್ಮೆಯಿಂದ ನನ್ನ ಮುಖ ನೋಡಿದಳು, ಮಿಶನು ಅವಳ ತಂದೆಯ ಕಡೆಯ ನೆಂಟನೋ ಎಂಬ ಹಾಗೆ.

ನಾನು ಚೀಲ ಕೆಳಗಿಟ್ಟು ಕೈ ಮುಂದೆ ಚಾಚಿದೆ. "ಡಾಕ್ಟ್ರಮ್ಮ, ನನ್ನದೂ ಒಮ್ಮೆ ನೋಡಿ."

"ಅಮ್ಮ, ನಿನಗೆ ಬೇರೆ ಚೀಟಿ ಮಾಡಿಸಬೇಕು," ಎಂದು ಮಗಳು ನನ್ನ ಸೆರಗು ಎಳೆದಳು.

"ಆಮೇಲೆ ಮಾಡಿಸಿ," ಎಂದರು ಡಾಕ್ಟ್ರಮ್ಮ. "ಇವರಿಗೆ ಎಂತ?"

ಹೇಳಿದೆ. ಮಾತ್ರೆ, ತಲೆ ತಿರುಗುವುದು, ಮಗು, ಎಲ್ಲ. ನಡುವೆ ಬಾಯಿ ಹಾಕಲು ಮಗಳಿಗೆ ಬಿಡಲಿಲ್ಲ. ಅವರು ಮಗಳ ಕಡೆ ತಿರುಗಿ, "ನೀವು ಮನೆಯಲ್ಲಿ ಇವರದ್ದು ಹೇಗೆ ನೋಡ್ತೀರಿ, ಹಾಗೆಯೇ ಮಾಡಿ ತೋರಿಸಿ," ಎಂದರು.

ಮಗಳು ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಚರ್ರಂತ ಬಿಚ್ಚಿತು. "ತಮ್ಮ ಒತ್ತಿ ಹಿಡೀತಾನೆ ಡಾಕ್ಟ್ರೇ, ಇವತ್ತು ನಾನೇ ಹಿಡೀತೇನೆ."

"ಒತ್ತಿ ಹಿಡಿಯುವುದಾ?" ಡಾಕ್ಟ್ರಮ್ಮನ ಹುಬ್ಬು ಮೇಲೆ ಹೋಯಿತು. "ಯಾವ ಹೊತ್ತಿಗೆ ನೋಡುವುದು?"

"ಬೀಡಿ ಬ್ರಾಂಚಿಂದ ಬಂದ ಕೂಡಲೇ. ಬೇರೆ ಹೊತ್ತಲ್ಲಿ ಇವರು ಸಿಗಬೇಕಲ್ಲ."

"ನಡೆದುಕೊಂಡು ಬರುವುದಾ?"

"ಏರು ಹತ್ತಿ," ಎಂದೆ ನಾನು. "ಜಗಳ ಮಾಡಿ."

ಅವರು ನಗಲಿಲ್ಲ. ಅದು ನನಗೆ ಹಿಡಿಸಿತು. ಮಗಳು ಒತ್ತಿ ಹಿಡಿದ ನಮ್ಮ ಪಟ್ಟಿಯಲ್ಲಿ ನೂರ ನಲವತ್ತರ ಮೇಲೆ ಬಂತು. ಅವರು ಅದನ್ನು ಬಿಚ್ಚಿಟ್ಟು, ಕಪಾಟಿನಿಂದ ಅದಕ್ಕಿಂತ ಅಗಲದ್ದೊಂದು ಪಟ್ಟಿ ತೆಗೆದರು. ನನ್ನನ್ನು ಬೆನ್ನು ಒರಗುವ ಕುರ್ಚಿಯಲ್ಲಿ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿಸಿ, "ಐದು ನಿಮಿಷ ಸುಮ್ಮನೆ ಕೂರಿ, ಮಾತು ಬೇಡ," ಎಂದರು. ಮಗಳು ಎಂತದೋ ಹೇಳಲು ಹೊರಟಳು. ಅವರು ಬೆರಳೆತ್ತಿದರು. ಮಗಳ ಬಾಯಿ ಮುಚ್ಚಿತು. ಅಷ್ಟು ದಿನದಲ್ಲಿ ನನಗೆ ಆದ ಮೊದಲ ಸಮಾಧಾನ ಅದು.

ಆಮೇಲೆ ನೋಡಿದರು. ನೂರ ಹದಿನಾರು. ನನ್ನನ್ನು ನಿಲ್ಲಿಸಿ ಮತ್ತೆ ನೋಡಿದರು. ತೊಂಬತ್ತರ ಹತ್ತಿರ ಇಳಿದಿತ್ತು, ನನ್ನ ಕಣ್ಣಿಗೆ ಅವರ ಬಿಳಿ ಕೋಟು ಮಂಜಾಗುತ್ತಿತ್ತು. ಬೇಗ ಕೂರಿಸಿದರು.

"ನಿಮ್ಮ ಪ್ರೆಶರು ಏರಿ ತಲೆ ತಿರುಗಿದ್ದಲ್ಲ ಅಮ್ಮ. ಇಳಿದು ತಿರುಗಿದ್ದು. ಮಾತ್ರೆ ಜಾಸ್ತಿ ಆಗಿದೆ," ಎಂದರು. ಮಗಳಿಗೆ ಬಿಡಿಸಿ ಹೇಳಿದರು: ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಪ್ರೆಶರು ತೋರಿಸುತ್ತದೆ. ಕೈ ಕೆಳಗೆ ನೇತಾಡಿದರೂ ಹಾಗೆ, ಮಾತಾಡಿದರೂ ಹಾಗೆ. ಆಯಾಸ ಮಾಡಿ ಬಂದ ಕೂಡಲೇ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಚಾ ಮತ್ತು ಮಾತ್ರೆಗೆ ಮೊದಲು, ಕೂತು ಸುಧಾರಿಸಿ ನೋಡಬೇಕು. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಬಂಟ್ವಾಳದ ಡಾಕ್ಟ್ರಿಗೆ ಅಲ್ಲಿಂದಲೇ ಫೋನು ಮಾಡಿ ಇಬ್ಬರೂ ಮಾತಾಡಿಕೊಂಡರು. ರಾತ್ರಿಯ ಮಾತ್ರೆ ಹೋಯಿತು, ಬೆಳಗ್ಗಿನದ್ದು ಮತ್ತೆ ಹಳೆಯ ಸಣ್ಣದಾಯಿತು.

"ಪೂರ್ತಿ ಬಿಡುವುದು ಮಾತ್ರ ಇಲ್ಲ," ಎಂದರು ನನಗೆ. "ಪ್ರೆಶರು ನಿಮಗೆ ಉಂಟು. ಮತ್ತೆ, ಸ್ವಲ್ಪ ದಿನ ನೆಲದಿಂದ ಗಕ್ಕನೆ ಏಳಬೇಡಿ. ಮಗುವನ್ನು ಹಿಡಿದುಕೊಂಡು ಅಂತೂ ಏಳಲೇಬೇಡಿ."

ಬರುವ ದಾರಿಯಲ್ಲಿ ಮೆಡಿಕಲ್ಲಿನ ಮುಂದೆ ಕಾರು ನಿಲ್ಲಿಸಿ, ನಮ್ಮ ಮಿಶನಿಗೆ ಆಗುವ ದೊಡ್ಡ ಪಟ್ಟಿ ತೆಗೆದೆವು. ಹಾಗಾದರೆ ಅಂಥದ್ದು ಅಂಗಡಿಯಲ್ಲಿ ಸಿಗುತ್ತದೆ. ನನ್ನಂಥ ತೋಳಿನವರು ಲೋಕದಲ್ಲಿ ಬೇರೆಯೂ ಇದ್ದಾರೆ ಅಂತ ಅದನ್ನು ಮಾಡುವವರಿಗೆ ಗೊತ್ತುಂಟು, ನಮ್ಮ ಮನೆಯವರಿಗೆ ಗೊತ್ತಿಲ್ಲ.

ಕಾರು ಮತ್ತೆ ಹೊರಟ ಮೇಲೆ ಮಗಳು, "ನಾನು ಎಂತ ಡಾಕ್ಟ್ರಾ ಅಮ್ಮ, ನನಗೆ ಹೇಗೆ ಗೊತ್ತಾಗಬೇಕು?" ಎಂದಳು.

"ಡಾಕ್ಟ್ರು ಅಲ್ಲ. ಆದರೆ ಡಾಕ್ಟ್ರಿಗಿಂತ ಗಟ್ಟಿ ಸ್ವರದಲ್ಲಿ ಹೇಳಿದವಳು ನೀನೇ."

"ನಿನ್ನ ಒಳ್ಳೆಯದಕ್ಕೆ ಹೇಳಿದ್ದು."

"ನಾಳೆ ಮಗುವನ್ನು ನಾನು ಮೀಯಿಸ್ತೇನೆ."

"ಈಗಲೂ ಬೇಡ ಅಮ್ಮ. ಅವರು ಹೇಳಿದ್ದು ಕೇಳಲಿಲ್ಲವಾ?"

"ಕೇಳಿದೆ. ಮಗುವನ್ನು ಹಿಡಿದುಕೊಂಡು ಏಳಬಾರದು ಅಂದರು. ಮೀಯಿಸುವುದು ಕೂತು. ಏಳುವಾಗ ನನ್ನ ಕಾಲಿನಿಂದ ಮಗುವನ್ನು ನೀನು ಎತ್ತಿಕೊಂಡರೆ ಆಯ್ತು. ಇಷ್ಟು ದಿನ ಬಾಗಿಲಲ್ಲಿ ನಿಂತು ನೋಡ್ತಿದ್ದಿಯಲ್ಲ, ಇನ್ನು ಎರಡು ಹೆಜ್ಜೆ ಒಳಗೆ ನಿಲ್ಲು."

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಬೇಡ ಅನ್ನಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ. ಅದು ನನಗೆ ಬೇಕಾಗಿಯೂ ಇರಲಿಲ್ಲ. ನನಗೆ ಬೇಕಾದದ್ದು ಮಗು.

ಮರುದಿನ ಬೆಳಿಗ್ಗೆ ಎದ್ದು ಹೊರಗೆ ಹೋಗಿ ಬಂದೆ. ಚಾ ಕುಡಿಯಲಿಲ್ಲ. ಗೋಡೆಗೆ ತಾಗಿಸಿ ಕುರ್ಚಿ ಹಾಕಿ, ಪಕ್ಕದ ಸ್ಟೂಲಿನ ಮೇಲೆ ಮಡಿಸಿದ ಕಂಬಳಿ ಇಟ್ಟು, ಅದರ ಮೇಲೆ ಕೈ ಇಟ್ಟು, ಬಾಯಿ ಮುಚ್ಚಿ ಕೂತೆ. ಅಷ್ಟರಲ್ಲಿ ಪಕ್ಕದ ಮನೆಯವಳು ಅಂಗಳಕ್ಕೆ ಬಂದು, "ಚಾ ಆಯ್ತಾ ಅಕ್ಕ?" ಎಂದಳು. ನಮ್ಮಲ್ಲಿ ಹಾಗೆ ಕೇಳಿದವರಿಗೆ ಉತ್ತರ ಕೊಡದೆ ಇರುವ ಕ್ರಮ ಇಲ್ಲ, ಶತ್ರುವಾದರೂ ಹೂಂ ಎನ್ನಬೇಕು. ನಾನು ಹೂಂ ಎನ್ನಲಿಲ್ಲ. ಅವಳು ಎರಡು ಸಲ ಕೇಳಿದಳು.

"ನಿನ್ನ ಅಮ್ಮನಿಗೆ ಎಂತ ಮಾರಾಯ್ತಿ, ಮಾತು ನಿಂತಿದೆಯಾ?" ಎಂದಳು ಮಗಳ ಹತ್ತಿರ.

"ಪ್ರೆಶರು ನೋಡುವಾಗ ಮಾತಾಡಬಾರದು," ಎಂದಳು ಮಗಳು. ಅದೇ ಗಟ್ಟಿ ಸ್ವರದಲ್ಲಿ.

ನೂರ ಇಪ್ಪತ್ತೆರಡು ಬಂತು. ಸ್ವಲ್ಪ ಬಿಟ್ಟು ಇನ್ನೊಮ್ಮೆ ನೋಡಿದಳು, ಅದರ ಆಸುಪಾಸೇ. ಮಗಳು ಮೊಬೈಲು ತೆಗೆದಳು. ನಾನು ಅವಳ ಮುಖ ನೋಡಿದೆ, ವಾಪಸು ಇಟ್ಟಳು.

ಮಾತ್ರೆ ನುಂಗಿ ಚಾ ಕುಡಿದೆ. ಮೀಯಿಸುವ ಹೆಂಗಸು ಬಂದಳು. ಅವಳಿಗೂ ಚಾ ಕೊಟ್ಟು, ನಾಳೆಯಿಂದ ಬರಬೇಡ ಎಂದು ಹೇಳಿ ಕಳಿಸಿದೆ. ಬಚ್ಚಲಿಗೆ ಹೋಗಿ ಮಣೆ ಹಾಕಿ ಕೂತು, ಕಾಲು ನೀಡಿ, ಮಗುವನ್ನು ಕೊಡು ಎಂದೆ. ಕೊಟ್ಟಳು. ಒಂದು ತಿಂಗಳಲ್ಲಿ ತೂಕ ಹಾಕಿದ್ದ, ಕತ್ತಿನ ಮಡಿಕೆಯಲ್ಲಿ ಬೆವರು ಕಟ್ಟಿ ಕೆಂಪಾಗಿತ್ತು, ಆ ಹೆಂಗಸು ಅಲ್ಲಿಗೆ ಕೈಯೇ ಹಾಕಿರಲಿಲ್ಲ. ಬಿಡಿಸಿ ತೊಳೆದೆ. ಬೆನ್ನಿಗೆ ನೀರು ಹೊಯ್ದೆ. ಮಗಳು ಬಾಗಿ ಮಗುವನ್ನು ನನ್ನ ಕಾಲಿನಿಂದ ಎತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ನಾನು ಉಳಿದ ಬಿಸಿನೀರನ್ನು ನನ್ನ ಕಾಲಿಗೆ ಹೊಯ್ದುಕೊಂಡು, ಸ್ವಲ್ಪ ಹೊತ್ತು ಕೂತು, ಗೋಡೆ ಹಿಡಿದು ನಿಧಾನಕ್ಕೆ ಎದ್ದೆ.